ಎಲೆಯ ಬುಡದ ಪತಂಗ

ಅಡವಯ್ಯ ಗುರುಗಳನ್ನು ಕೇಳಿದ: "ನಿನ್ನೆ ಛತ್ರದಲ್ಲಿ ಪ್ರವಚನ ಹೇಳುವಾಗ ವಚನದ ಒಂದು ಸಾಲಿನ ಅರ್ಥ ಮರೆತುಹೋಯಿತು. ಅಲ್ಲೊಂದು ಚೆಂದದ ಮಾತು ಕಟ್ಟಿ ಹೇಳಿಬಿಟ್ಟೆ. ಹಾದಿಹೋಕರೆಲ್ಲ ತಲೆದೂಗಿದರು. ಇದರಿಂದ ಯಾರಿಗೆ ಏನು ನಷ್ಟ?"

ಗುರುಗಳು ಓದುತ್ತಿದ್ದ ಪುಸ್ತಕ ಮಡಿಸಿಟ್ಟು ಹೇಳತೊಡಗಿದರು.

ಒಬ್ಬ ಚಿತ್ರಗಾರನಿದ್ದ. ಕಾಡಿಗೆ ಹೋಗಿ, ಗಿಡದ ಎದುರಿಗೇ ಕೂತು, ಎಲೆಯ ಒಂದೊಂದು ನರವನ್ನೂ ನೋಡಿ ಬರೆಯುವವನು. ಅವನ ಕೈ ಅಂಥದ್ದು, ಸುಳ್ಳಾಡದು. ಆದರೆ ಅವನಿಗೊಂದು ಚಾಳಿಯಿತ್ತು. ಕುಂಚ ಜಾರಿ ಬಣ್ಣ ಕೆಟ್ಟರೆ ಆ ಜಾಗದಲ್ಲಿ ಒಂದು ಪತಂಗ ಬರೆದು ಕೂರಿಸುವನು. ರೆಕ್ಕೆಯ ಪುಡಿ ಬೆರಳಿಗೆ ಅಂಟೀತು ಎನ್ನುವಂಥ ಪತಂಗ. ಜನ ಅದನ್ನೇ ಹೊಗಳುವರು. ಹೊಗಳಿಕೆ ಯಾರಿಗೆ ಬೇಡ?

ಊರಿನ ಮುದಿ ಪಂಡಿತ ತನ್ನ ನಂತರದವರಿಗೆ ಇರಲೆಂದು ಔಷಧಿ ಗಿಡಗಳನ್ನೆಲ್ಲ ಅವನಿಂದ ಒಂದು ಪುಸ್ತಕದಲ್ಲಿ ಬರೆಸಿದ. ಅದರಲ್ಲಿ ಜ್ವರ ಇಳಿಸುವ ಗಿಡವೊಂದಿತ್ತು. ಅದನ್ನೇ ಹೋಲುವ ಇನ್ನೊಂದು ಗಿಡವಿದೆ, ಅದು ವಿಷ. ಎರಡಕ್ಕೂ ವ್ಯತ್ಯಾಸ ಎಲೆಯ ಬುಡದಲ್ಲಿ ಮಾತ್ರ. ಒಂದರ ಬುಡ ಕೆಂಪು, ಇನ್ನೊಂದರದು ಹಸಿರು. ಚಿತ್ರ ಮುಗಿಯುವ ದಿನ ಸರಿಯಾಗಿ ಆ ಬುಡದ ಮೇಲೆಯೇ ಕಪ್ಪು ಬಣ್ಣ ತೊಟ್ಟಿಕ್ಕಿತು. ಹೊಸದಾಗಿ ಬರೆಯಲು ಎಂಟು ದಿನ ಬೇಕು. ಯಾರು ಕೂರುತ್ತಾರೆ? ಪತಂಗ ಬರೆದ. ಕಣ್ಣು ಮಂಜಾಗಿದ್ದ ಪಂಡಿತ ಅದನ್ನು ಓಡಿಸಲು ಕೈ ಬೀಸಿದ, ಮೋಸಹೋದದ್ದಕ್ಕೆ ತಾನೇ ನಕ್ಕ, ಶಾಲು ಹೊದಿಸಿ ಕಳಿಸಿದ. ಆ ವರ್ಷವೇ ತೀರಿಕೊಂಡ.

ಮರುವರ್ಷ ಚಿತ್ರಗಾರನ ಹೆಂಡತಿ ಜ್ವರ ಬಂದು ಮಲಗಿದಳು. ಪಂಡಿತನ ಮಗ ಪುಸ್ತಕ ನೋಡಿ ಕಾಡೆಲ್ಲ ಅಲೆದು ಎರಡು ಗಿಡ ಕಿತ್ತು ತಂದ. ಒಂದರ ಬುಡ ಕೆಂಪು, ಒಂದರದು ಹಸಿರು.

"ಇದರಲ್ಲಿ ಯಾವುದಣ್ಣ? ಚಿತ್ರದಲ್ಲಿ ಬುಡದ ಮೇಲೆ ಪತಂಗ ಕೂತಿದೆ. ಬರೆದವರು ನೀವೇ, ಹೇಳಿ."

ಚಿತ್ರಗಾರ ಎರಡನ್ನೂ ನೋಡಿದ. ಪತಂಗದ ಮೀಸೆಯಲ್ಲಿ ಎಷ್ಟು ಎಳೆ ಎಂದು ಕೇಳಿದ್ದರೆ ಎಣಿಸಿ ಹೇಳುತ್ತಿದ್ದ. ಅದರ ಕೆಳಗೆ ಯಾವ ಬಣ್ಣವಿತ್ತೆಂದು ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ನಾಚಿಕೆಯಾಯಿತು, ಅನ್ನಲಿಲ್ಲ. ಒಳಗೆ ಹೆಂಡತಿ ನರಳುತ್ತಿದ್ದಳು. ಹಸಿರು ಬುಡದ್ದನ್ನು ತೋರಿಸಿ "ಇದು" ಎಂದ.

ಕಷಾಯವನ್ನು ಅವನೇ ಕುಡಿಸಿದ. ಗಂಡನ ಕೈಯದೆಂದು ನಂಬಿ ಕುಡಿದಳು. ಸಂಜೆಗೆ ಉಸಿರು ನಿಂತಿತು.

ಮಣ್ಣಿಗೆ ಬಂದವರಲ್ಲಿ ಪರವೂರಿನವನೊಬ್ಬ ಅವನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದ. ಹೊರಡುವಾಗ ಮೆಲ್ಲಗೆ ಕೇಳಿದ: "ಆ ಪತಂಗ ಬರೆದವರು ನೀವೇ ಅಂತಲ್ಲ, ಒಮ್ಮೆ ನೋಡಲು ಸಿಕ್ಕೀತೇ?"

ಕತೆ ನಿಂತಿತು.

"ನಾನು ಯಾರಿಗೂ ವಿಷ ಕುಡಿಸಲಿಲ್ಲವಲ್ಲ, ಗುರುಗಳೇ" ಎಂದ ಅಡವಯ್ಯ.

ಗುರುಗಳು ಎದ್ದು ಮೆಟ್ಟು ಹಾಕಿಕೊಂಡರು. "ಹಾಗಾದರೆ ನಿನ್ನ ಮಾತು ನಂಬಿ ಹೋದ ಆ ಹಾದಿಹೋಕರ ಮನೆಗಳನ್ನು ತೋರಿಸು, ಹೋಗಿ ಕೇಳಿಕೊಂಡು ಬರೋಣ."