ಗುದ್ಲೆಪ್ಪ ಕಾದ ಸುಳ್ಳು ಕಂಪ್ಯೂಟರ್

ಗುದ್ಲೆಪ್ಪನ ಕತೆ ಹೇಳ್ತೀನಿ. ನಗು ಬಂದರೆ ನಗಿ, ಆದರೆ ಅವನನ್ನು ಹಂಗಿಸಬೇಡಿ.

ನಮ್ಮೂರ ಬ್ಲಡ್ ಬ್ಯಾಂಕಿನಲ್ಲಿ ಕಸ ಗುಡಿಸುವ ಶಿವಗಂಗವ್ವನಿಗೆ ಅವನೊಬ್ಬನೇ ಮಗ. ವಯಸ್ಸು ಮೂವತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಅದಕ್ಕೇ ಯಾವ ಕೆಲಸದಲ್ಲೂ ಎರಡು ದಿನ ನಿಂತವನಲ್ಲ. ನಾ ಸತ್ತ ಮ್ಯಾಲ ಇವನ್ನ ಯಾರು ನೋಡ್ತಾರ ಅನ್ನುವುದೊಂದೇ ಅವ್ವನ ಚಿಂತೆ.

ಆಗ ಪಕ್ಕದೂರಿನ ಬ್ಲಡ್ ಬ್ಯಾಂಕಿನ ಕಂಪ್ಯೂಟರಿಗೆ ಇಂಟರ್ನೆಟ್ಟಿನಲ್ಲಿ ಎಲ್ಲಿಂದಲೋ ಕಳ್ಳ ನುಗ್ಗಿ, ರಕ್ತ ಕೊಡುವವರ ಪಟ್ಟಿಗೇ ಬೀಗ ಜಡಿದು ದುಡ್ಡು ಕೇಳಿದ್ದ. ನಮ್ಮ ಬ್ಲಡ್ ಬ್ಯಾಂಕ್ ನೋಡಿಕೊಳ್ಳುವ ರುಕ್ಸಾನಾ ಮೇಡಂ ಜಾಣೆ. ಸುಳ್ಳು ಹೆಸರು ತುಂಬಿದ ಒಂದು ಕಂಪ್ಯೂಟರನ್ನು ಬೇಕೆಂದೇ ಭದ್ರತೆ ಸಡಿಲಿಸಿ ಇಟ್ಟರು. ಇದೇ ನಿಜವಾದದ್ದೆಂದು ನಂಬಿ ಕಳ್ಳ ಇದಕ್ಕೆ ನುಗ್ಗಲಿ, ಅವನು ಬರುವ ದಾರಿ ತಿಳಿಯಲಿ ಅಂತ. ಅದರ ಮುಂದೆ ಗುದ್ಲೆಪ್ಪನನ್ನು ಕೂರಿಸಿದರು. ಒಂದು ವಾರ ನೆಟ್ಟಗೆ ಮಾಡಿದರೆ ಕೆಲಸ ಕಾಯಂ.

"ಯಾರು ಬಂದ್ರೂ ತಡೀಬ್ಯಾಡ. ಏನ್ ಮಾಡ್ತಾರ ಅಷ್ಟು ಬರ್ಕೋ" ಅಂದರು.

ಮೊದಲ ದಿನ ಕೋಣೆಗೆ ಆಡು ಬಂತು. ಗುದ್ಲೆಪ್ಪ ತಡೆಯಲಿಲ್ಲ, ಬರೆದುಕೊಂಡ: ಆಡು ಬಂತು, ಕ್ಯಾಲೆಂಡರಿನ ಮೇ ತಿಂಗಳು ತಿಂತು, ಜೂನಿಗೆ ಬಾಯಿ ಹಾಕ್ತು. ಅವ್ವ ಹಣೆ ಚಚ್ಚಿಕೊಂಡು, ಬಾಗಿಲಿಗೆ ಬಂದದ್ದನ್ನ ಓಡಿಸಬೇಕಪ್ಪ ಅಂದಳು.

ಮರುದಿನ ರಕ್ತ ಕೊಡಲು ಬಂದ ಮಾಸ್ತರನ್ನು ಕೋಲು ಹಿಡಿದು ಗೇಟಿನ ತನಕ ಓಡಿಸಿದ. ಅವ್ವ ಅವರ ಕಾಲು ಹಿಡಿದು ಕರೆತಂದಳು. ಆಮೇಲೆ ಮಗನಿಗೆ ಬುದ್ಧಿ ಹೇಳಿದಳು: "ಬಂದವ್ರಿಗೆ ಬರ್ರಿ ಅನ್ನು, ಉಂಡೀರೇನು ಅಂತ ಕೇಳು. ಖಾಲಿ ಹೊಟ್ಟೀಲೆ ರಕ್ತ ತಗೊಳ್ಳಾಂಗಿಲ್ಲ."

ಮೂರನೇ ದಿನ ಕಳ್ಳ ಬಂದೇ ಬಂದ, ಕಂಪ್ಯೂಟರೊಳಗೆ. ಪರದೆಯ ಮೇಲೆ ಬಾಣದ ಗುರುತು ತನ್ನಷ್ಟಕ್ಕೇ ಓಡಾಡತೊಡಗಿತು. ಗುದ್ಲೆಪ್ಪ ಒಂದೊಂದೇ ಅಕ್ಷರ ಒತ್ತಿದ: "ಬರ್ರಿ. ಉಂಡೀರೇನು?"

ಕನ್ನಡ ಬಲ್ಲ ಕಳ್ಳನೇ ಇರಬೇಕು, ಗಲಿಬಿಲಿಯಾಗಿ ಯಾರು ನೀನು ಅಂತ ಬರೆದ. ಇವನು ರಕ್ತದ ಗುಂಪು ಕೇಳಿದ. ಅವನು ಹೆದರಿಸಿದ, ಇವನು ತೂಕ ಕೇಳಿದ. ಒಂದು ತಾಸು ಇದೇ ಮಾತು. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿದ್ದ ಮೇಡಂ ಅವನು ನುಗ್ಗಿದ ಕಂಡಿ ಹುಡುಕಿದರು. ಅಂಥದ್ದೇ ಕಂಡಿ ನಿಜವಾದ ಕಂಪ್ಯೂಟರಿನಲ್ಲೂ ಇತ್ತು. ಮುಚ್ಚಿದರು, ಪಟ್ಟಿ ಉಳಿಯಿತು. ಅದೇ ವಾರ ನನ್ನ ಮಗಳ ಹೆರಿಗೆ ಕಷ್ಟವಾದಾಗ, ಆ ಪಟ್ಟಿ ನೋಡಿ ಕರೆದ ಮೂವರು ಓಡಿ ಬಂದು ರಕ್ತ ಕೊಟ್ಟರು. ಗುದ್ಲೆಪ್ಪನ ಋಣ ನಾನು ಹೇಗೆ ಮರೆಯಲಿ?

ಮೇಡಂ ಶಿವಗಂಗವ್ವನ ಕೈ ಹಿಡಿದು, ಮಗನ ಕೆಲಸ ಕಾಯಂ ಅಂದರು. ಮುದುಕಿ ಅತ್ತೇಬಿಟ್ಟಳು. ರಕ್ತ ಕೊಟ್ಟವರಿಗೆಂದು ಕಂಪ್ಯೂಟರಿನಲ್ಲಿ ಸಿದ್ಧ ಮಾಡಿಟ್ಟ ಪ್ರಮಾಣಪತ್ರ ತೋರಿಸಿ, ನಮಗ ಉಪಕಾರ ಮಾಡಿದವರಿಗೆಲ್ಲ ಇವತ್ತೇ ಕಳಿಸು ಎಂದು ಗುದ್ಲೆಪ್ಪನಿಗೆ ಹೇಳಿ ಮೇಡಂ ಹೊರಟರು.

ಮೊದಲ ಪತ್ರ ಅವನು ಕಳ್ಳನ ಜೊತೆ ಮಾತಾಡಿದ ಆ ಸುಳ್ಳು ಕಂಪ್ಯೂಟರಿನಿಂದಲೇ ಕಳ್ಳನಿಗೆ ಕಳಿಸಿದ. ನೀವು ಬಂದದ್ದಕ್ಕ ನಮ್ಮ ಕಂಡಿ ಮುಚ್ಚಿತು, ಭಾಳ ಉಪಕಾರ ಆತು ಅಂತ ತಾನೇ ಎರಡು ಮಾತು ಸೇರಿಸಿದ್ದ. ಅದರ ಕೆಳಗೆ ಎಲ್ಲ ಪತ್ರದಲ್ಲೂ ಇರುವ ಸಾಲು ಹಾಗೇ ಇತ್ತು: ಮೂರು ತಿಂಗಳ ನಂತರ ದಯವಿಟ್ಟು ಮತ್ತೆ ಬನ್ನಿ.