ಮೊಲದ ಮೂಲೆ ಕೆಂಪಾದ ಕಥೆ

ಭೂಮಿಯ ಮೈ ಇನ್ನೂ ಹಸಿಯಾಗಿತ್ತು. ಬೆಟ್ಟಗಳು ಕೂತಲ್ಲೇ ಸರಿದು ಜಾಗ ಮಾಡಿಕೊಳ್ಳುತ್ತಿದ್ದವು. ಯಾವ ಕಡೆ ಹರಿಯೋದು ಅಂತ ಹಳ್ಳಗಳು ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಿದ್ದವು. ಆಗಿನ ಮಾತು ಇದು.

ಆಗ ಮೊಲಗಳಿಗೆ ಉಚ್ಚೆ ಹೊಯ್ಯೋಕೆ ಇಂಥದೇ ಜಾಗ ಅಂತ ಇರಲಿಲ್ಲ. ಕುಪ್ಪಳಿಸಿದಲ್ಲಿ ಒಂದಿಷ್ಟು, ಮಲಗಿದಲ್ಲಿ ಒಂದಿಷ್ಟು. ಥೂ, ಹೇಳೋಕೂ ನಾಚಿಕೆ!

ಹಳ್ಳದ ದಡದಲ್ಲಿ ಅಂಥದೇ ಒಂದು ಬಿಲ. ಅಲ್ಲಿ ಹಲವು ಮೊಲಗಳ ಜೊತೆ ಗರಿಕವ್ವ ಅನ್ನೋ ತಾಯಿಮೊಲ ಇದ್ದಳು. ಅವಳಿಗೆ ನಾಲ್ಕು ಮರಿ. ಕೊನೆಯವಳು ಮೊಗ್ಗಿ.

ಒಂದು ಬೆಳಿಗ್ಗೆ ಗರಿಕವ್ವ ಹಾಸಿದ ಹುಲ್ಲು ಸರಿಮಾಡುತ್ತಿದ್ದಳು. ನೋಡ್ತಾಳೆ, ಹುಲ್ಲಿನ ಮೇಲೆ ಕೆಂಪು!

"ಅಯ್ಯಯ್ಯೋ, ರಕ್ತ!"

ಕೂಗಿದವಳೇ ಬಾಯಿ ಮುಚ್ಚಿಕೊಂಡಳು. ಯಾಕೆ ಗೊತ್ತಾ? ಬಿಲದ ಹಿರಿಯ ಮೀಸೆತಾತ ಒಂದು ಕಟ್ಟಳೆ ಮಾಡಿದ್ದ. ಕಾಯಿಲೆ ಬಿದ್ದವರು ಹೊತ್ತು ಮುಳುಗೋದರೊಳಗೆ ಬಿಲ ಬಿಟ್ಟು ಹೋಗಬೇಕು. ಇಲ್ಲದಿದ್ದರೆ ಕಾಯಿಲೆಯ ವಾಸನೆ ಹಿಡಿದು ನರಿ ಬರುತ್ತೆ, ಎಲ್ಲರ ಕಥೆ ಮುಗಿಯುತ್ತೆ. ಹಾಗಾಗಿ ಹೊಟ್ಟೆ ಹಿಂಡುತ್ತಿದ್ದರೂ ಮೊಲಗಳು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಒಂದು ಎಸಳು ಹುಲ್ಲು ಬಾಯಿಗಿಟ್ಟುಕೊಂಡು ಸುಮ್ಮನೆ ಜಗಿಯುತ್ತಾ ಕೂರುತ್ತಿದ್ದವು.

ಮೊಗ್ಗಿ ನಿನ್ನೆಯಿಂದ ಮುದುಡಿಕೊಂಡು ಕೂತಿದ್ದು ಗರಿಕವ್ವನಿಗೆ ನೆನಪಾಯಿತು. ಸರಸರ ಮಣ್ಣೆಳೆದು ಕೆಂಪು ಮುಚ್ಚಿದಳು. ತಿರುಗಿದರೆ ಅಲ್ಲೊಂದು ಕೆಂಪು! ಅದನ್ನು ಮುಚ್ಚಿದರೆ ಇಲ್ಲೊಂದು ಕೆಂಪು!

ಧಡ್! ಮೀಸೆತಾತ ಹಿಂಗಾಲು ಬಡಿದ. ಅವನ ಕಣ್ಣಿಗೆ ಬಿದ್ದೇಬಿಟ್ಟಿತ್ತು.

"ಯಾರದಿದು?"

"ನನ್ನದಲ್ಲ ತಾತ."

"ನನ್ನದೂ ಅಲ್ಲ," ಅಂದಿತು ಇನ್ನೊಂದು ಮೊಲ.

"ನನ್ನ ಮಕ್ಕಳೆಲ್ಲ ಗುಂಡುಕಲ್ಲಿನ ಹಾಗಿದ್ದಾರೆ ತಾತ," ಅಂದಳು ಗರಿಕವ್ವ. ಮೊಗ್ಗಿಯೂ ಹುಲ್ಲು ಜಗಿಯುತ್ತಿದ್ದಳು. ಆದರೆ ಎಸಳು ಮಾತ್ರ ಚಿಕ್ಕದಾಗುತ್ತಿರಲಿಲ್ಲ.

ಹೊರಗಿನಿಂದ ಹಳ್ಳ ಕೂಗಿತು. "ಕಂಡಕಂಡಲ್ಲಿ ಹೊಯ್ದು ಈಗ ಯಾರದು ಅಂದರೆ ಸೂರ್ಯನಿಗೂ ಗೊತ್ತಾಗಲ್ಲ! ಒಬ್ಬೊಬ್ಬರಿಗೆ ಒಂದೊಂದು ಮೂಲೆ ಕೊಡಿ. ಹೊತ್ತು ನೆತ್ತಿಗೆ ಬಂದಾಗ ನೋಡಿ."

ಸರಿ, ಒಬ್ಬೊಬ್ಬರಿಗೆ ಒಂದೊಂದು ಮೂಲೆ ಆಯಿತು. ಗರಿಕವ್ವ ಮಗಳ ಮೂಲೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೋಡೋಕೆ ಧೈರ್ಯ ಎಲ್ಲಿತ್ತು?

ಹೊತ್ತು ನೆತ್ತಿಗೆ ಬಂತು. ಮೊದಲ ಮೂಲೆ ಕೆಂಪು. ಎರಡನೆಯದೂ ಕೆಂಪು. ಗರಿಕವ್ವನ ಸ್ವಂತ ಮೂಲೆ ಕೆಂಪು! ಅಯ್ಯೋ ಶಿವನೇ, ಮೀಸೆತಾತನ ಮೂಲೆ ಎಲ್ಲಕ್ಕಿಂತ ಕೆಂಪು!

ತಾತ ಧೊಪ್ಪನೆ ಕುಸಿದ. "ನಾನಾ? ನಾನು ಚೆನ್ನಾಗೇ ಇದ್ದೀನಲ್ರೋ!"

ಹಳ್ಳಕ್ಕೆ ನಗು ತಡೆಯಲಾಗಲಿಲ್ಲ. "ನನ್ನ ದಡದಲ್ಲಿ ಹೊಸದಾಗಿ ಹುಟ್ಟಿದ ಕೆಂಪು ಹರಿವೆ ಸೊಪ್ಪನ್ನು ನಿನ್ನೆ ಬೋಳು ಮಾಡಿದವರು ಯಾರಪ್ಪಾ? ತಿಂದ ಬಣ್ಣ ಆಚೆ ಬಂದಿದೆ, ಅಷ್ಟೆ!"

ಎಲ್ಲರೂ ಬಿಟ್ಟ ಕಣ್ಣು ಬಿಟ್ಟಂತೆ ನಿಂತರು. ಆಮೇಲೆ ಕುಣಿದಾಡಿದರು. ಗರಿಕವ್ವನೂ ಒಂದು ನೆಗೆತ ನೆಗೆದಳು, ಆಮೇಲೆ ಧೈರ್ಯ ಬಂದು ಮೊಗ್ಗಿಯ ಮೂಲೆಗೆ ಹೋದಳು.

ಅಲ್ಲಿ ಕೆಂಪಿರಲಿಲ್ಲ. ಹಳದಿಯೂ ಇರಲಿಲ್ಲ. ಹುಲ್ಲು ಒಣಒಣ.

"ಮೊಗ್ಗೀ, ಯಾವಾಗಿಂದಲೇ?"

"ನಿನ್ನೆಯಿಂದ ಅವ್ವಾ. ಸೊಪ್ಪೂ ತಿನ್ನಲಿಲ್ಲ. ಹೇಳಿದರೆ ಓಡಿಸ್ತಾರಲ್ಲ..."

ಗರಿಕವ್ವ ಮಗಳನ್ನು ಅವಚಿಕೊಂಡಳು. ಕೆಂಪು ಕೆಂಪು ಅಂತ ಮಣ್ಣು ಮುಚ್ಚಿದ್ದೇ ಮುಚ್ಚಿದ್ದು, ಮಗು ಉಚ್ಚೆ ಕಟ್ಟಿಕೊಂಡು ಕೂತಿದ್ದು ಕಾಣಲೇ ಇಲ್ಲವಲ್ಲ! ಮೊಗ್ಗಿಗೆ ಅಡ್ಡ ನಿಂತು ತಾತನ ಮುಖ ನೋಡಿದಳು. "ಇವಳನ್ನು ಕಳಿಸೋದಾದರೆ ನನ್ನನ್ನೂ ಕಳಿಸು."

ತಾತನ ಮೀಸೆ ನಡುಗಿತು. "ಕೆಂಪು ಕಂಡವರನ್ನೆಲ್ಲ ಓಡಿಸಿದ್ದರೆ ಬಿಲದಲ್ಲಿ ಉಳೀತಿದ್ದದ್ದು ಈ ಕಾಯಿಲೆ ಮಗು ಒಂದೇ ಕಣವ್ವಾ! ನನ್ನ ಕಟ್ಟಳೆಗೆ ಬೆಂಕಿ ಬೀಳಲಿ. ನೀರು ತನ್ನಿ, ನೀರು!"

ಹಳ್ಳ ತಾನೇ ಬಿಲದ ಬಾಯಿಯವರೆಗೆ ಉಕ್ಕಿ ಬಂತು. ಗಾಳಿ ಒದ್ದೆ ಗರಿಕೆ ತಂದು ಹಾಕಿತು. ತಾಯಿ ಹೊಟ್ಟೆ ನೀವಿದಳು, ನೀರು ಕುಡಿಸಿದಳು, ಮತ್ತೆ ನೀವಿದಳು. ಒಂದು ಮರಿ ಉಚ್ಚೆ ಹೊಯ್ಯಲಿ ಅಂತ ಇಡೀ ಬಿಲವೇ ಉಸಿರು ಬಿಗಿಹಿಡಿದು ಕಾದಿತು.

ಬಿಸಿಲು ಇಳಿಯೋ ಹೊತ್ತಿಗೆ ಮೊಗ್ಗಿ ಎದ್ದು ತನ್ನ ಮೂಲೆಗೆ ಹೋದಳು. ಮೊದಲು ನಾಲ್ಕು ಹನಿ, ಅಕ್ಕಿ ತೊಳೆದ ಅಕ್ಕಚ್ಚಿನ ಹಾಗೆ ಬೆಳ್ಳಗೆ, ಗಸಿಗಸಿ. ಎಲ್ಲರೂ "ಹಾ!" ಅಂದರು. ಆಮೇಲೆ ಸರಾಗ ಹಳದಿ ಧಾರೆ! ಗರಿಕವ್ವ ಬಿಕ್ಕಿಬಿಕ್ಕಿ ಅತ್ತಳು. ಮೊಗ್ಗಿ ಹುಲ್ಲು ಬಾಯಿಗಿಟ್ಟಳು. ಈ ಸಲ ಎಸಳು ಚಿಕ್ಕದಾಯಿತು.

ಅವತ್ತಿನಿಂದ ಮೊಲಗಳು ಮೂಲೆ ಬಿಡಲಿಲ್ಲ. ಇವತ್ತಿಗೂ ನಿಮ್ಮನೆ ಮೊಲ ಉಚ್ಚೆಗೆಂದು ಇಟ್ಟ ತಟ್ಟೆಯಲ್ಲಿ ಅದೇ ಮೂಲೆಗೆ ಹೋಗಿ ಕೂರುತ್ತಲ್ಲ, ಬಾಯಲ್ಲಿ ಹೇಳಲಾರದ್ದನ್ನು ಅಲ್ಲಿ ಹೇಳುತ್ತೆ ಪುಟ್ಟಾ: ಕೆಂಪಗೆ ಕಂಡರೆ ನಿನ್ನೆ ಏನು ತಿಂದಿತು ಅಂತ ಮೊದಲು ನೆನಪು ಮಾಡಿಕೋ, ಒಣಗಿ ಕಂಡರೆ ಒಂದು ಗಳಿಗೆಯೂ ಕಾಯದೆ ಮನೆಯವರನ್ನೆಲ್ಲ ಕೂಗಿ ಕರಿ.