ಎಲೆಯೆಲ್ಲ ಕೊಟ್ಟು ಹೊಳೆಗಿಳಿದ ಗಿಡ

ಮೇದಿನಿ, ಆ ಗಿಡ ಕೀಳಬೇಡ. ಕೈ ಹೊರಗೆ ತೆಗಿ. ಸೋಪು ಹಚ್ಚಿದ ಕೈಯನ್ನು ಅಕ್ವೇರಿಯಂಗೆ ಹಾಕಬಾರದು ಅಂತ ಎಷ್ಟು ಸಲ ಹೇಳಲಿ?

"ಅಜ್ಜಿ, ಅದು ಸತ್ತೋಗಿದೆ. ಎಲೆಯೆಲ್ಲ ಲೋಳೆ ಲೋಳೆ. ಹೋದ ವಾರ ಅಂಗಡಿಯಿಂದ ತಂದಾಗ ಎಷ್ಟು ಚೆನ್ನಾಗಿತ್ತು. ಕಿತ್ತು ಬಿಸಾಡ್ತೀನಿ."

ಸತ್ತಿದೆಯೋ ಇಲ್ಲವೋ ಆಮೇಲೆ ನೋಡೋಣ. ಕೈ ಒರೆಸಿಕೊಂಡು ಇಲ್ಲಿ ಕೂತುಕೋ. ಆ ಗಿಡದ ಕೈಲಿ ಆಗುವುದಿಲ್ಲ ಅಂದವರು ಯಾರು ಯಾರು, ಅದನ್ನು ಮೊದಲು ಹೇಳಿಬಿಡುತ್ತೇನೆ. ಅಂಥವರ ಹೆಸರು ಮರೆಯಬಾರದು.

ಹೊಳೆಮತ್ತಿ ಮರ ಅಂದಿತು. ಬಿದಿರು ಅಂದಿತು. ಗಾಳಿ ಅಂದಿತು. ಕೊನೆಗೆ ಹೊಳೆಯೂ ಅಂದಿತು.

ಆಗ ಲೋಕವೆಲ್ಲ ಇನ್ನೂ ಹಸಿ ಮಣ್ಣು. ಬೆಟ್ಟಗಳು ಕೂತ ಜಾಗದಲ್ಲಿ ಸರಿಯಾಗಿ ಕೂತಿರಲಿಲ್ಲ. ದೇಶ ದೇಶಕ್ಕೆ ಬೇರೆ ಬೇರೆ ನೀರು ಅಂತ ಇರಲಿಲ್ಲ, ಇದ್ದದ್ದು ಒಂದೇ ಹೊಳೆ. ಅದರ ತಳದಲ್ಲಿ ಮರಳು ಮತ್ತು ಕಲ್ಲು, ಅಷ್ಟೇ. ಹಸಿರೆಲ್ಲ ದಡದ ಮೇಲೆ.

ಹಾಗಾಗಿ ಹೊಳೆಯಲ್ಲಿ ಅಡಗುವುದಕ್ಕೆ ಜಾಗವೇ ಇರಲಿಲ್ಲ. ದೊಡ್ಡದಕ್ಕೆ ಸಣ್ಣದು ದೂರದಿಂದಲೇ ಕಾಣುತ್ತಿತ್ತು. ಕಂಡರೆ ಮುಗಿಯಿತು.

ಆ ಹೊಳೆಯಲ್ಲಿ ಒಬ್ಬಳು ತಾಯಿಮೀನು ಇದ್ದಳು. ನಮ್ಮ ಅಕ್ವೇರಿಯಂನ ಗಪ್ಪಿ ಮೀನುಗಳೆಲ್ಲ ಅವಳ ವಂಶ. ಅವಳು ಮೊಟ್ಟೆ ಇಡುವವಳಲ್ಲ, ಹೊಟ್ಟೆಯಲ್ಲಿ ಮರಿ ಹೊತ್ತು ಹೆರುವವಳು. ಹೆತ್ತು ಮುಗಿಯುವಷ್ಟರಲ್ಲಿ ಅವಳಿಗೆ ಕಣ್ಣು ಕತ್ತಲೆ ಬರುವಷ್ಟು ಹಸಿವು. ತಿರುಗಿ ನೋಡುತ್ತಾಳೆ, ಎದುರಿಗೆ ಸಣ್ಣದೇನೋ ಮಿಸುಕುತ್ತಿದೆ. ಬಾಯಿ ಹಾಕುತ್ತಾಳೆ. ಹೊಟ್ಟೆ ತುಂಬಿದ ಮೇಲೆ ಗೊತ್ತಾಗುತ್ತದೆ, ತಿಂದದ್ದು ಏನು ಅಂತ.

ಪ್ರತಿ ಸಲವೂ ಹಾಗೇ. ಪ್ರತಿ ಸಲವೂ ತಿಂದ ಮೇಲೆ ಗೊತ್ತಾಗುತ್ತಿತ್ತು.

ಮತ್ತೊಮ್ಮೆ ಹೊಟ್ಟೆ ದಪ್ಪಗಾದಾಗ ಅವಳು ದಡದ ಹತ್ತಿರ ಬಂದು ತಲೆಯೆತ್ತಿ ಕೂಗಿದಳು.

"ದಡದ ಮೇಲಿರೋರೇ, ಯಾರಾದರೂ ಇಳಿದು ಬನ್ನಿ. ನನಗೂ ನನ್ನ ಮಕ್ಕಳಿಗೂ ನಡುವೆ ಯಾರಾದರೂ ನಿಂತ್ಕೊಳ್ಳಿ."

ಹೊಳೆಮತ್ತಿ ಮರ, "ನಾನು ಕದಲಿದರೆ ದಡವೇ ಕುಸಿಯುತ್ತೆ ತಾಯಿ. ಬೇರೆಯವರನ್ನ ಕೇಳು," ಅಂದಿತು.

ಬಿದಿರು, "ನಮ್ಮದು ಒಟ್ಟು ಕುಟುಂಬ. ಒಬ್ಬರು ಬಂದರೆ ಎಲ್ಲರೂ ಬರಬೇಕಾಗುತ್ತೆ," ಅಂದಿತು.

ಹೊಳೆಮತ್ತಿಯ ಬುಡದಲ್ಲಿ ಒಂದು ಪುಟ್ಟ ಗಿಡವಿತ್ತು. ಅವಳಿಗೆ ಇನ್ನೂ ಹೆಸರಿರಲಿಲ್ಲ. ಮರದ ನೆರಳಿನಿಂದ ಸೋರಿ ಬಿದ್ದ ಬಿಸಿಲನ್ನೇ ಹಿಡಿದು ಒಂದೊಂದು ಎಲೆಯನ್ನೂ ತಾನೇ ಮಾಡಿಕೊಂಡಿದ್ದಳು. ಅಗಲವಾದ, ದಪ್ಪನೆಯ, ಎಣ್ಣೆ ಸವರಿದಂತೆ ಹೊಳೆಯುವ ಎಲೆಗಳು. ಅವುಗಳ ಮೇಲೆ ಅವಳಿಗೆ ಬಹಳ ಜಂಬ. ಇರಬೇಕಾದದ್ದೇ.

"ನಾನು ಬರ್ತೀನಿ," ಅಂದಳು ಪುಟ್ಟ ಗಿಡ.

ಮರ ಕೊಂಬೆಯೆಲ್ಲ ಅಲುಗಿಸಿ ನಕ್ಕಿತು. "ನೀನಾ? ನನ್ನ ಬುಡದಲ್ಲೇ ನೆಟ್ಟಗೆ ನಿಲ್ಲೋಕೆ ಬರಲ್ಲ ನಿನಗೆ. ಹೊಳೆಯಲ್ಲಿ ನಿಲ್ತೀಯಾ?"

"ಹೋಗಲಿ ಬಿಡಣ್ಣ," ಅಂದಿತು ಬಿದಿರು. "ನಾಳೆ ಕಸದ ಜೊತೆ ತೇಲಿ ಬರ್ತಾಳೆ, ಆಗ ಮಾತಾಡಿಸೋಣ."

"ಅಲ್ಲಿ ನಾನಿರಲ್ಲ ಹುಡುಗಿ," ಅಂದಿತು ಗಾಳಿ. "ಉಸಿರಿಗೇನು ಮಾಡ್ತೀ? ನಿನ್ನ ಕೈಲಿ ಆಗಲ್ಲ."

"ಹೋಗಿ ನೋಡ್ಕೋತೀನಿ."

ಹೊಳೆ ಅವಳನ್ನು ಅಂಚಿನಲ್ಲೇ ತಡೆಯಿತು. "ಕೇಳಿಲ್ಲಿ. ಗಾಳಿಯ ಮನೆಯಲ್ಲಿ ಮಾಡಿದ ಎಲೆ ನನ್ನ ಮನೆಯಲ್ಲಿ ನಡೆಯಲ್ಲ. ಬಾಗಿಲಲ್ಲೇ ಕಿತ್ಕೋತೀನಿ, ಒಂದನ್ನೂ ಬಿಡಲ್ಲ. ನಿನ್ನ ಕೈಲಿ ಆಗೋ ಕೆಲಸ ಅಲ್ಲ ಇದು, ಹಿಂದಕ್ಕೆ ಹೋಗು."

"ಬೇರನ್ನೂ ಕಿತ್ಕೋತೀಯಾ?"

"ಬೇರು ಮಣ್ಣಿನದು. ಅದರ ಮೇಲೆ ನನಗೆ ಹಕ್ಕಿಲ್ಲ."

"ಹಾಗಾದರೆ ದಾರಿ ಬಿಡು."

ಗಿಡ ಇಳಿದಳು. ತಳದ ಮರಳಿನಲ್ಲಿ ಬೇರೂರಿ ನಿಂತಳು. ತಾಯಿಮೀನು ಅವಳ ಸುತ್ತ ಸುತ್ತಿದಳು. "ಬಂದೆಯಾ ತಂಗಿ? ಇನ್ನು ನನಗೆ ಭಯ ಇಲ್ಲ."

ಹೊಳೆ ಹೇಳಿದಂತೆಯೇ ಮಾಡಿತು. ಮೊದಲು ಎಲೆಗಳ ಅಂಚು ಗಾಜಿನ ಹಾಗೆ ತೆಳುವಾಯಿತು. ಆಮೇಲೆ ನಡುವೆ ತೂತು ಬಿತ್ತು. ಆಮೇಲೆ ಎಲೆಗೆ ಎಲೆಯೇ ಕರಗಿ ಲೋಳೆಯಾಯಿತು, ಈಗ ನೀನು ನೋಡಿದೆಯಲ್ಲ, ಹಾಗೆ. ಒಂದೂ ಉಳಿಯಲಿಲ್ಲ.

"ತಂಗಿ, ಏಳು," ಅಂದಳು ತಾಯಿಮೀನು. "ನನಗೆ ನೋವು ಶುರುವಾಯ್ತು. ಏಳೇ."

ಗಿಡಗಳು ಮಾತಾಡುವುದು ಎಲೆಯಿಂದ. ಎಲೆಯಿಲ್ಲದವಳು ಏನು ಹೇಳಿಯಾಳು? ಅವಳಿಗೆ ಕೇಳಿಸುತ್ತಿತ್ತು. ಉತ್ತರ ಕೊಡಲು ಆಗಲಿಲ್ಲ.

ಮರಿಗಳು ಬರೀ ಮರಳಿನ ಮೇಲೆ ಹುಟ್ಟಿದವು. ತಾಯಿಗೆ ಹಸಿವಾಯಿತು.

"ಒಂದಾದ್ರೂ ಉಳೀತಾ ಅಜ್ಜಿ?"

ಒಂದೂ ಇಲ್ಲ, ಮಗು.

ತಿಂದ ಮೇಲೆ ತಾಯಿಮೀನಿಗೆ ಗೊತ್ತಾಯಿತು. ಎಲೆಯಿಲ್ಲದ ಆ ಬುಡದ ಹತ್ತಿರ ಬಂದು ನಿಂತಳು. "ಸುಳ್ಳಿ," ಅಂದಳು. "ಎಲ್ಲರೂ ಹೇಳಿದ್ದರು, ನಿನ್ನ ಕೈಲಿ ಆಗಲ್ಲ ಅಂತ. ನಿನ್ನ ನಂಬಿ ಬೇರೆ ಯಾರನ್ನೂ ಕರೀಲಿಲ್ಲ ನಾನು." ಆಮೇಲೆ ಏಡಿಯನ್ನು ಕೂಗಿದಳು. "ಏಡಿ ಮಾವ, ಈ ಹೆಣ ಕಿತ್ತು ಬಿಸಾಡು. ನನ್ನ ಕಣ್ಣಿಗೆ ಬೀಳೋದು ಬೇಡ."

ಏಡಿ ಬಂದು ಬುಡಕ್ಕೆ ಕೊಂಡಿ ಹಾಕಿತು.

ಅಲ್ಲೇ ಒಂದು ಮುದಿ ಬಸವನಹುಳು ಕೊಳೆತ ಎಲೆಯ ಚೂರುಗಳನ್ನು ತಿನ್ನುತ್ತಿತ್ತು. "ತಡಿಯೋ," ಅಂದಿತು. "ಈ ಹೊಳೆಯಲ್ಲಿ ಸತ್ತದ್ದನ್ನೆಲ್ಲ ತಿನ್ನೋಳು ನಾನು. ಇವಳ ಎಲೆ ತಿಂದೆ, ಮೆತ್ತಗಿತ್ತು. ಬೇರು ಮಾತ್ರ ಗಟ್ಟಿ, ಬಾಯಿಗೆ ಬರ್ತಾ ಇಲ್ಲ."

"ಅಂದ್ರೆ?"

"ಅಂದ್ರೆ ಇವಳಿನ್ನೂ ನನ್ನ ಊಟ ಆಗಿಲ್ಲ. ಬಿಡು ಅವಳನ್ನ."

"ಮುದುಕಿ, ನಿನಗೆ ಯಾವಾಗ್ಲೂ ಊಟದ್ದೇ ಚಿಂತೆ," ಅಂತ ಗೊಣಗಿಕೊಂಡು ಏಡಿ ಕೊಂಡಿ ತೆಗೆಯಿತು.

ಮರಳಿನ ಕೆಳಗೆ ಗಿಡ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸುಳ್ಳಿ ಅಂದದ್ದನ್ನೂ, ಹೆಣ ಅಂದದ್ದನ್ನೂ. ಕೇಳಿಸಿಕೊಂಡು ಮತ್ತೆ ಎಲೆ ಮಾಡಲು ಕೂತಳು. ದಡದಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ. ಹೇಳಿಕೊಡುವವರೂ ಇರಲಿಲ್ಲ, ಹೊಳೆಯ ತಳದಲ್ಲಿ ಅವಳಿಗಿಂತ ಮೊದಲು ಯಾವ ಗಿಡವೂ ಇರಲಿಲ್ಲವಲ್ಲ. ಮಾಡಿದ ಮೊದಲ ಎಲೆ ಹರಿದು ಹೋಯಿತು. ಮತ್ತೊಂದು ಸುರುಳಿಯಾಗಿಯೇ ಉಳಿಯಿತು. ಮತ್ತೆ ಮಾಡಿದಳು, ಮತ್ತೆ ಹರಿಯಿತು. ಕೊನೆಗೆ ಸಪೂರವಾದ, ತೆಳ್ಳನೆಯ ಒಂದು ಎಲೆ ಮರಳಿನಿಂದ ಎದ್ದು ನೀರು ಹೋದ ಕಡೆಗೆ ಬಾಗಿ ನಿಂತಿತು. ಹೊಳಪಿಲ್ಲ, ಅಂದವಿಲ್ಲ. ಆದರೆ ನಿಂತಿತು. ಅದರ ಪಕ್ಕ ಇನ್ನೊಂದು ಎದ್ದಿತು.

ತಾಯಿಮೀನಿಗೆ ಮತ್ತೆ ನೋವು ಬರುವ ಹೊತ್ತಿಗೆ ಅಲ್ಲಿ ಹಸಿರಿನ ಒಂದು ಪೊದೆಯಿತ್ತು.

ಮರಿಗಳು ಹುಟ್ಟಿದವು, ಹುಟ್ಟಿದ್ದೇ ಪೊದೆಯೊಳಗೆ ನುಗ್ಗಿದವು. ತಾಯಿ ತಿರುಗಿದಳು. ಅವಳ ಕಣ್ಣಿನಲ್ಲಿ ಹಸಿವು ಬಿಟ್ಟರೆ ಬೇರೇನೂ ಇರಲಿಲ್ಲ.

"ತಂಗಿ, ಸ್ವಲ್ಪ ಪಕ್ಕಕ್ಕೆ ಸರಿ. ಒಳಗೆ ಏನೋ ಓಡಾಡ್ತಿದೆ."

"ಸರಿಯೋದಿಲ್ಲ," ಅಂದಳು ಗಿಡ. ಈಗ ಅವಳಿಗೆ ಮಾತು ಬಂದಿತ್ತು.

ತಾಯಿ ಎಲೆಗಳಿಗೆ ಮೂತಿಯಿಂದ ಗುದ್ದಿದಳು. ಒಳಗೆ ಬರಲು ಆಗಲಿಲ್ಲ. ಸುತ್ತಿದಳು, ಮತ್ತೆ ಗುದ್ದಿದಳು. ಬಹಳ ಹೊತ್ತಾದ ಮೇಲೆ ಹಸಿವು ಸ್ವಲ್ಪ ಇಳಿದು ಅವಳ ದನಿ ಬದಲಾಯಿತು.

"ಒಳಗಿರೋದು ಯಾರು ತಂಗಿ? ನನ್ನ ಮಕ್ಕಳಾ?"

ಗಿಡಕ್ಕೆ ಹೌದು ಅನ್ನಬೇಕು ಅನಿಸಿತು. ಆದರೆ ಹೌದು ಅಂದರೆ ತಾಯಿ ಮಕ್ಕಳನ್ನು ನೋಡಲು ದಿನಾ ಬರುತ್ತಾಳೆ. ಮರಿಗಳು ತಾಯಿ ಅಂತ ಹೊರಗೆ ಓಡುತ್ತವೆ. ಹಸಿವೂ ಅವಳ ಜೊತೆಯಲ್ಲೇ ಬಂದಿರುತ್ತದೆ.

"ಯಾರೂ ಇಲ್ಲ," ಅಂದಳು ಗಿಡ. "ಎಲ್ಲರನ್ನೂ ತಿಂದುಬಿಟ್ಟೆ ನೀನು. ಹೋಗಕ್ಕ."

ತಾಯಿಮೀನು ಹೋದಳು. ಅವತ್ತಿನಿಂದ ಅವಳ ವಂಶದಲ್ಲಿ ಯಾವ ತಾಯಿಗೂ ತನ್ನ ಮರಿಯ ಗುರುತಿಲ್ಲ. ಯಾವ ಮರಿಗೂ ತಾಯಿಯ ಗುರುತಿಲ್ಲ. ಮರಿಗಳು, "ನಮ್ಮಮ್ಮ ಯಾರು?" ಅಂತ ಕೇಳಿದಾಗಲೆಲ್ಲ ಗಿಡ ಎಲೆ ಬಾಗಿಸಿ ಅವನ್ನು ಇನ್ನಷ್ಟು ಒಳಗೆ ಸೇರಿಸಿಕೊಳ್ಳುತ್ತಿದ್ದಳು.

ಸುದ್ದಿ ದಡಕ್ಕೂ ಮುಟ್ಟಿತು. "ಗೆದ್ದೆಯಂತೆ ಹುಡುಗಿ! ಮೇಲೆ ಬಾ, ನೋಡೋಣ!" ಅಂತ ಹೊಳೆಮತ್ತಿ ಕೂಗಿತು. ಗಿಡಕ್ಕೂ ಆಸೆಯಾಯಿತು. ಅವರು ಕಣ್ಣಾರೆ ನೋಡಲಿ ಅಂತ ಒಂದು ಎಲೆಯನ್ನು ನೀರಿನಿಂದ ಮೇಲೆ ಎತ್ತಿದಳು. ಗಾಳಿ ಬಂದು ಮುಟ್ಟಿತು. ಮುಟ್ಟಿದಲ್ಲೇ ಎಲೆ ಮುದುರಿ, ಒಣಗಿ, ಕಪ್ಪಾಯಿತು.

"ಅಯ್ಯೋ, ನೀನಾ?" ಅಂದಿತು ಗಾಳಿ. "ಗುರುತೇ ಸಿಗಲಿಲ್ಲ ನನಗೆ."

ಅವಳು ಮತ್ತೆ ತಲೆ ಎತ್ತಲಿಲ್ಲ.

ಬಾ ಮೇದಿನಿ, ಈಗ ಕೈ ತೊಳೆದುಕೊಂಡು ಬಾ. ಸೋಪು ಬೇಡ, ಬರೀ ನೀರು. ಮೆಲ್ಲಗೆ ಮರಳಿನೊಳಗೆ ಬೆರಳಿಟ್ಟು ಬುಡ ಮುಟ್ಟು. ಹೇಗಿದೆ?

"ಗಟ್ಟಿ ಇದೆ ಅಜ್ಜಿ."

ಹಾಗಾದರೆ ಬಿಟ್ಟುಬಿಡು. ಅಲ್ಲಿ ಮೂಲೆಯಲ್ಲಿರುವ ಹಳೆಯ ಪೊದೆ ನೋಡು, ಎಲೆಗಳ ನಡುವೆ ಕಣ್ಣು ಮಾತ್ರ ಕಾಣುವ ಮರಿಗಳಿವೆ. ಹೊರಗೆ ಆ ದಪ್ಪ ಗಪ್ಪಿ ಬೆಳಗಿನಿಂದ ಸುತ್ತುತ್ತಲೇ ಇದ್ದಾಳೆ. ಯಾಕೆ ಸುತ್ತುತ್ತಿದ್ದೇನೆ ಅಂತ ಅವಳಿಗೆ ಗೊತ್ತಿಲ್ಲ.

ಅದಕ್ಕೇ ಇವತ್ತಿಗೂ ನೀರಿನ ಗಿಡವನ್ನು ಹೊಸ ನೀರಿನಲ್ಲಿ ನೆಟ್ಟರೆ ಅದು ಮೊದಲು ತನ್ನ ಎಲೆಗಳನ್ನು ಬಾಗಿಲಲ್ಲಿ ಕೊಟ್ಟು ಒಳಗೆ ಬರುತ್ತದೆ. ಗಾಜಿನ ಒಳಗೆ ಅಂಗೈಯಗಲದ ಮರಳು ಈಗ ಆ ಗಿಡದ ಸ್ವಂತದ್ದು, ಅವಳ ಎಲೆಗಳಲ್ಲಿ ಅಡಗಿದ ಮರಿಗಳೂ ಅವಳವೇ. ಅದಕ್ಕೆ ಬೆಲೆಯಾಗಿ ಅವಳು ಕೊಟ್ಟದ್ದು ದಡದಲ್ಲಿ ಮಾಡಿಕೊಂಡಿದ್ದ ಒಂದೊಂದು ಎಲೆಯನ್ನೂ, ಅವಳು ಚಿಗುರುವ ಮೊದಲೇ ಹುಟ್ಟಿ ತಾಯಿಯ ಬಾಯಿಗೆ ಬಿದ್ದ ಆ ಮರಿಗಳೆಲ್ಲವನ್ನೂ.